ಉಣ್ಣೋರ ಬಾಯಿ

ಚಿತ್ರದುರ್ಗದಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕ ಒಬ್ಬ ಬಣ್ಣದ ಮೀನು ಮಾರುತ್ತಿದ್ದ. ಮೇವು ಹಾಕಿದ ಕೂಡಲೇ ತೊಟ್ಟಿಗೆ ಬೆನ್ನು ತಿರುಗಿಸಿ ಗಿರಾಕಿಗಳಿಗೂ ಹೇಳುತ್ತಿದ್ದ: "ಉಣ್ಣೋರ ಬಾಯಿ ನೋಡಬ್ಯಾಡ್ರಿ."

ಒಮ್ಮೆ ಕಡಲ ಮೀನುಗಳ ಪುಟ್ಟ ಹಿಂಡು ತರಿಸಿ ಉಪ್ಪುನೀರಿನ ತೊಟ್ಟಿಗೆ ಬಿಟ್ಟ. ಅವು ಕಲ್ಲಿನ ಸಂದಿ ಬಿಟ್ಟು ಬರಲಿಲ್ಲ, ಮೇವು ಮುಟ್ಟಲಿಲ್ಲ. ಮರುದಿನ ಒಂದು ಸತ್ತು ತೇಲಿತು. ಅವನು ತನ್ನ ಬುತ್ತಿಯನ್ನೂ ಬಿಚ್ಚದೆ, ದೀಪ ಆರಿಸಿ, ಅರ್ಧ ತೊಟ್ಟಿಗೆ ಕಂಬಳಿ ಹೊದಿಸಿ, ಮತ್ತೆ ಮೇವು ಹಾಕಿ ಬೆನ್ನು ತಿರುಗಿಸಿ ಕೂತ.

"ಇವತ್ತೂ ತಿನ್ನಲಿಲ್ಲ ಅಂದ್ರೆ ಒಂದೂ ಉಳಿಯಲ್ಲ ಕಣಣ್ಣ."

ಅವನ ಪಕ್ಕ ಕೂತಿದ್ದ ನಾನು ಓರೆಗಣ್ಣಿನಿಂದ ತೊಟ್ಟಿ ನೋಡಿದೆ. ಒಂದು ಮೀನು ಹೊರಬಂದು ಮೇವು ಕಚ್ಚಿ ಉಗುಳಿತು. ಅದು ಮತ್ತೆ ಕಚ್ಚಿ ನುಂಗಿತು. ಅದರ ಹಿಂದೆಯೇ ಇಡೀ ಹಿಂಡು ಬಂತು.

"ತಿಂತಾ ಅವೆ," ಎಂದೆ.

ಅವನು ಆಗಲೂ ತಿರುಗದೆ ಬುತ್ತಿ ಬಿಚ್ಚಿದ. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ.