ಅಕ್ಕ ಅಳಿಸಿಹಾಕಿದ ಸಂದೇಶ

ಸೊಲ್ಲಾಪುರದ ಒಂದು ಮರಾಠಿ ಪತ್ರಿಕೆಯ ಡೆಸ್ಕಿನಲ್ಲಿ ಮೂವತ್ತೊಂದು ವರ್ಷ ಬೇರೆಯವರ ಬರಹ ತಿದ್ದಿದವನು ನಾನು. ಮುಖ್ಯವಾದದ್ದು ಮೊದಲು ಬರಬೇಕು, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬೇಕು. ಈ ಎರಡು ನಿಯಮಗಳಲ್ಲೇ ವೃತ್ತಿ ಮುಗಿಯಿತು. ನಿವೃತ್ತಿಯ ನಂತರ ತಿದ್ದಲು ಏನೂ ಉಳಿದಿರಲಿಲ್ಲ. ಆಗ ನಮ್ಮ ಕುಟುಂಬದ ವಾಟ್ಸಾಪ್ ಗುಂಪು ಸಿಕ್ಕಿತು.

ಎಲ್ಲಿಯದೋ ಹಳೆಯ ವಿಡಿಯೊ ನಮ್ಮ ಜಿಲ್ಲೆಯ ಗಲಾಟೆ ಎಂದು ಅದರಲ್ಲಿ ಬರುತ್ತಿತ್ತು. ನಿಂಬೆಹಣ್ಣಿನಿಂದ ಸಕ್ಕರೆ ಕಾಯಿಲೆ ಮಾಯ ಎಂದು ಬರುತ್ತಿತ್ತು. ನಾನು ಹುಡುಕಿ, ಪರಿಶೀಲಿಸಿ, ಕೆಳಗೆ ‘ಸುಳ್ಳು’ ಎಂದು ಬರೆಯುತ್ತಿದ್ದೆ. ಜನ ದಡ್ಡರಾದ್ದರಿಂದ ಇಂಥವನ್ನು ಕಳಿಸುತ್ತಾರೆ ಎಂಬುದು ಆಗ ನನ್ನ ಅಭಿಪ್ರಾಯವಾಗಿತ್ತು. ಅದನ್ನು ಮದುವೆ ಮನೆಗಳಲ್ಲೂ ಹೇಳಿದ್ದೇನೆ.

ನನ್ನ ಅಕ್ಕ ಇದ್ದದ್ದು ಸೊಲ್ಲಾಪುರದ ಹತ್ತಿರದ ವಳಸಂಗದಲ್ಲಿ. ಮದುವೆಯಾಗಿ ಹೋದ ಮನೆ ದೊಡ್ಡದು: ಹೊಲ, ದನ, ಮೈದುನಂದಿರು, ಸೊಸೆಯಂದಿರು. ದಿನಾ ಬೆಳಿಗ್ಗೆ ಐದೂವರೆಗೆ ಅವಳಿಂದ ನನಗೊಂದು ಹೂವಿನ ಚಿತ್ರ ಬರುತ್ತಿತ್ತು. ವಾರಕ್ಕೊಮ್ಮೆ, ಊರಿಂದ ಸೊಲ್ಲಾಪುರಕ್ಕೆ ಕೆಲಸಕ್ಕೆ ಬರುವ ಯಾರದಾದರೂ ಕೈಯಲ್ಲಿ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬರುತ್ತಿತ್ತು. ನಾವಿಬ್ಬರೂ ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಕಲಿತವರು. ಈಗ ಇಡೀ ಗುಂಪಿನಲ್ಲಿ ಕನ್ನಡ ಓದಲು ಬರುವುದು ನಮ್ಮಿಬ್ಬರಿಗೇ. ಮಕ್ಕಳು, ಸೊಸೆಯಂದಿರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಬರೆಯುವುದೆಲ್ಲ ಮರಾಠಿ.

ಒಂದು ದಿನ ಹೂವಿನ ಬೆನ್ನಿಗೇ ಅಕ್ಕನಿಂದ ಉದ್ದನೆಯ ಮರಾಠಿ ಸಂದೇಶ ಬಂತು. ಅರಿಶಿನ ಮತ್ತು ನುಗ್ಗೆ ಎಲೆಯ ರಸವನ್ನು ಇಪ್ಪತ್ತೊಂದು ದಿನ ಕುಡಿದರೆ ಮೈಯಲ್ಲಿನ ಎಂಥ ಗಂಟೂ ಕರಗುತ್ತದೆ, ವಿದೇಶದ ವೈದ್ಯರೇ ಬೆರಗಾಗಿದ್ದಾರೆ, ಹೀಗೆ. ಮೊದಲ ಹತ್ತು ಸಾಲು ಓದಿದೆ. ಉಳಿದದ್ದು ಮಡಚಿಕೊಂಡಿತ್ತು, ‘ಮುಂದೆ ಓದಿ’ ಎಂಬಲ್ಲಿ ಬೆರಳಿಟ್ಟರೆ ತೆರೆಯುತ್ತಿತ್ತು. ಇಡಲಿಲ್ಲ. ಕಂಡಷ್ಟರ ಚಿತ್ರ ತೆಗೆದು ಕುಟುಂಬದ ಗುಂಪಿಗೆ ಹಾಕಿ, ಕೆಳಗೆ ಮೂರು ವಾಕ್ಯ ಬರೆದೆ. ಇದು ಸುಳ್ಳು. ಇದಕ್ಕೆ ಯಾವ ಆಧಾರವೂ ಇಲ್ಲ. ಗಂಟು ಇದ್ದವರು ವೈದ್ಯರನ್ನು ಕಾಣಬೇಕು.

ಚಿತ್ರದ ಮೇಲ್ಭಾಗದಲ್ಲಿ ಅಕ್ಕನ ಹೆಸರಿತ್ತು. ಅದನ್ನು ಕತ್ತರಿಸಬೇಕೆಂದು ನನಗೆ ಹೊಳೆಯಲಿಲ್ಲ. ಅವಳ ಮಗನೇ ಮೊದಲು ಬರೆದ, ಅವ್ವ ಮತ್ತೆ ಮಾಮಾನ ಕೈಗೆ ಸಿಕ್ಕಿಬಿದ್ದಳು ಎಂದು. ಸಾಲಾಗಿ ನಗುವ ಮುಖಗಳು ಬಂದವು. ಮಧ್ಯಾಹ್ನ ನೋಡಿದರೆ, ಅಕ್ಕ ನನಗೆ ಕಳಿಸಿದ್ದ ಸಂದೇಶವನ್ನು ಅಳಿಸಿಹಾಕಿದ್ದಳು. ನಾಚಿಕೆಯಾಗಿರಬೇಕು, ಇನ್ನು ಮೇಲೆ ನೋಡಿ ಕಳಿಸುತ್ತಾಳೆ ಎಂದುಕೊಂಡೆ. ಮರುದಿನ ಐದೂವರೆಗೆ ಹೂವು ಬಂತು.

ರೊಟ್ಟಿಯೂ ಬರುತ್ತಲೇ ಇತ್ತು. ಒಂದೆರಡು ತಿಂಗಳಿಗೆ ಅದು ದಪ್ಪಗಾಯಿತು. ಅಕ್ಕನ ರೊಟ್ಟಿ ಹಪ್ಪಳದಂತೆ ಮುರಿಯುತ್ತಿತ್ತು, ಇದನ್ನು ಎರಡು ಕೈಯಲ್ಲಿ ಹಿಡಿದು ಮುರಿಯಬೇಕು. ಫೋನಿನಲ್ಲಿ ಕೆಣಕಿದೆ. ಈಗ ಸೊಸೆ ಬಡಿಯುತ್ತಾಳೆ ಎಂದಳು. ಅತ್ತೆಯಾದ ಮೇಲೆ ಸೋಮಾರಿಯಾದೆ ಎಂದೆ. ನಕ್ಕಳು. ನಲವತ್ತು ವರ್ಷ ಯಾರಿಗೂ ಹಿಟ್ಟು ನಾದುವ ಕೊಣಮಿಗೆ ಬಿಟ್ಟುಕೊಡದವಳು ಹಿಟ್ಟಿನಿಂದ ಕೈ ತೆಗೆದದ್ದು ಏಕೆ ಎಂದು ಒಬ್ಬ ಹೊಸ ವರದಿಗಾರನೂ ಕೇಳುತ್ತಿದ್ದ, ನಾನು ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಮಗನ ಫೋನು ಬಂತು. ಅಕ್ಕನನ್ನು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದ್ದರು. ಎಡಮೊಲೆಯಲ್ಲಿ ಗಂಟು, ಕಂಕುಳಿಗೆ, ಅಲ್ಲಿಂದ ಮುಂದಕ್ಕೂ ಹರಡಿತ್ತು. ತೋಳು ಎತ್ತಲು ಬಾರದಾದಾಗ ಸೊಸೆಗೆ ಗೊತ್ತಾಗಿತ್ತು.

ನಾನು ಹೋದಾಗ ಅವಳೊಬ್ಬಳೇ ಇದ್ದಳು. ನಾಷ್ಟಾ ಆಯಿತೇ ಎಂದು ಕೇಳಿದಳು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ನಾನು ಸಿಟ್ಟಿನಿಂದಲೇ ಕೇಳಿದೆ.

“ಹೇಳಿದ್ನಲ್ಲೋ ತಮ್ಮಾ. ಆ ಗಂಟಿನ ಮೆಸೇಜ್ ಕಳಿಸಿದ್ನಲ್ಲ, ಅದರ ಕೆಳಗ ಕನ್ನಡದಾಗ ಬರದಿದ್ದೆ. ಸೊಸೆಂದ್ರು ಯಾರರೆ ನನ್ನ ಫೋನ್ ನೋಡಿದ್ರೂ ಓದಾಕ ಬರಬಾರ್ದು ಅಂತ.”

“ಏನ್ ಬರದಿದ್ದಿ?”

“ನನಗೂ ಎಡಗಡಿ ಒಂದು ಆಗ್ಯದ, ಇದನ್ನ ಕುಡೀಲೋ, ದವಾಖಾನಿಗೆ ಹೋಗಲೋ ಅಂತ.”

ನಾನು ಕೆಳಗಿನವರೆಗೆ ಓದಲಿಲ್ಲ ಎಂದೆ.

“ಗೊತ್ತಾತು. ಪೇಪರ್ ಮಂದಿ ನೀವು, ಮ್ಯಾಲಿಂದು ನೋಡಿ ಬಿಡ್ತೀರಿ,” ಎಂದು ನಕ್ಕಳು.

ವೈದ್ಯರನ್ನು ಕಾಣಬೇಕೆಂದು ಬರೆದಿದ್ದೆನಲ್ಲ ಎಂದೆ. ಆ ಹೊತ್ತಿನಲ್ಲೂ ನನ್ನ ಪರ ವಾದಿಸಿದೆ.

“ಅದು ಎಲ್ಲಾರಿಗೂ ಬರದಿದ್ದಿ. ನನಗ ಹೋಗು ಅಂದಿದ್ರ, ನಮ್ಮ ತಮ್ಮ ಹೋಗಂದಾನ ಅಂತ ಮನಿಯಾಗ ಹೇಳಾಕ ಬರ್ತಿತ್ತು. ನಾನಽ ಹೆಂಗ ಹೇಳ್ಲಿ, ಎಲ್ಲಿ ಆಗ್ಯದ ಅಂತ?”

ಆ ಮನೆಯ ಪಡಸಾಲೆಯಲ್ಲಿ ನಾನು ಎಷ್ಟೋ ಸಲ ಕುಳಿತಿದ್ದೇನೆ. ಅಲ್ಲಿ ದೇಶ ಹೇಗೆ ನಡೆಯಬೇಕೆಂಬ ಮಾತಾಗುತ್ತದೆ. ಗಡಿ, ಮೀಸಲಾತಿ, ಬೇರೆ ದೇಶದ ಯುದ್ಧ, ಎಲ್ಲದಕ್ಕೂ ಎಲ್ಲರ ಬಳಿ ಅಭಿಪ್ರಾಯವಿದೆ, ನನ್ನ ಬಳಿ ಇನ್ನೂ ಹೆಚ್ಚು. ಎಮ್ಮೆಯ ಕೆಚ್ಚಲು ಬಾತರೆ ಅರ್ಧ ಗಂಟೆಯಲ್ಲಿ ಪಶುವೈದ್ಯರಿಗೆ ಫೋನು ಹೋಗುತ್ತದೆ, ಗಂಡಸರು ನಿಂತು ಚರ್ಚಿಸುತ್ತಾರೆ. ಆ ಮನೆಯ ಹಿರಿಯ ಹೆಂಗಸಿಗೆ ತನ್ನ ಮೈಯ ಒಂದು ಅಂಗದ ಹೆಸರು ಹೇಳಲು ಬಾಯಿ ಬರಲಿಲ್ಲ. ತಮ್ಮನಿಗೂ ಅದನ್ನು ‘ಎಡಗಡೆ’ ಎಂದಷ್ಟೇ ಬರೆದಿದ್ದಳು, ಅದನ್ನೂ ಯಾರದೋ ಸುಳ್ಳಿನ ಕೆಳಗೆ ಬಚ್ಚಿಟ್ಟು. ಕಳಿಸುವವರು ದಡ್ಡರೆಂಬ ಮಾತನ್ನು ನಾನು ಈಗ ಆಡುವುದಿಲ್ಲ. ಎಷ್ಟು ಜನ ಹೀಗೆ ಏನನ್ನೋ ಕೇಳುತ್ತಿದ್ದರೋ ನನಗೆ ಗೊತ್ತಿಲ್ಲ. ನಾನು ಯಾರದನ್ನೂ ಕೊನೆಯವರೆಗೆ ಓದಿರಲಿಲ್ಲ.

ಆಗಲೇ ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ವೈದ್ಯರನ್ನು ಕೇಳಿದೆ. ಖಚಿತವಾಗಿ ಹೇಳಲಾಗದು, ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದರು. ನಾನು ಇದನ್ನು ಅವರು ಹೇಳಿದಷ್ಟೇ ಬರೆಯುತ್ತಿದ್ದೇನೆ.

ಅಕ್ಕ ಸಂಕ್ರಾಂತಿಗೆ ಮುಂಚೆ ತೀರಿಕೊಂಡಳು. ವಳಸಂಗದಿಂದ ಈಗಲೂ ಒಮ್ಮೊಮ್ಮೆ ರೊಟ್ಟಿ ಬರುತ್ತದೆ. ಸೊಸೆಯ ಕೈಯ ರೊಟ್ಟಿ ತೆಳುವಾಗುತ್ತಿದೆ.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕುತ್ತಿದ್ದೆವು. ಗುಂಪಿನಲ್ಲಿ ನನ್ನದೊಂದು ತಿದ್ದುಪಡಿ ಹಾಕಬೇಕೆಂದು ಹಲವು ಸಲ ಕುಳಿತಿದ್ದೇನೆ. ಅವಳ ಹೆಸರಿರುವ ಆ ಚಿತ್ರ, ಆ ನಗುವ ಮುಖಗಳು ಅಲ್ಲೇ ಇವೆ. ನನ್ನ ಮೂರು ವಾಕ್ಯಗಳನ್ನು ಒಂದೊಂದಾಗಿ ಓದುತ್ತೇನೆ. ಇದು ಸುಳ್ಳು. ಇದಕ್ಕೆ ಯಾವ ಆಧಾರವೂ ಇಲ್ಲ. ಗಂಟು ಇದ್ದವರು ವೈದ್ಯರನ್ನು ಕಾಣಬೇಕು. ಮೂರರಲ್ಲೂ ತಿದ್ದುವಂಥದ್ದು ಏನೂ ಸಿಗುವುದಿಲ್ಲ.