ಏಳು ಗಣ್ಯರು, ಒಂದೇ ಹುಟ್ಟಿದ ದಿನ

ಕೆ.ಆರ್. ಪುರದಲ್ಲಿ ನಾನು ಬ್ಯಾನರ್ ಡಿಸೈನ್ ಮಾಡೋ ಅಂಗಡಿಗೆ ಒಂದು ಮಧ್ಯಾಹ್ನ ಮಹದೇವಪುರದ ಯಜಮಾನರೊಬ್ಬರು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ಊರಿನ ಗಣ್ಯರು ಏಳು ಜನ ಒಂದೇ ವರ್ಷ ಹುಟ್ಟಿದವರಂತೆ. ಎಲ್ಲರಿಗೂ ಎಪ್ಪತ್ತು ತುಂಬಿದ್ದಕ್ಕೆ ಸನ್ಮಾನ. ಪೈಲ್ವಾನರು, ಹೆಡ್‌ಮಾಸ್ಟರು, ಮಾಜಿ ಪಂಚಾಯಿತಿ ಅಧ್ಯಕ್ಷರಾದ ಈ ಯಜಮಾನರು, ಹೀಗೆ.

ಹೆಸರು, ಹುಟ್ಟಿದ ದಿನ ಟೈಪ್ ಮಾಡ್ತಾ ಹೋದರೆ ಏಳಕ್ಕೆ ಏಳೂ ಜೂನ್ ಒಂದು! “ಏನ್ ಸಾರ್ ಇದು?” ಅಂದೆ.

“ಮೇಷ್ಟ್ರು ನಮ್ಮನ್ನೆಲ್ಲ ಒಂದೇ ದಿನ ಸ್ಕೂಲಿಗೆ ಸೇರಿಸ್ಕೊಂಡ್ರು. ಎಲ್ರಿಗೂ ಹುಟ್ಟಿದ ದಿನ ಜೂನ್ ಒಂದು, ವರ್ಷಾನೂ ಒಂದೇ ಅಂತ ಬರ್ಕೊಂಬಿಟ್ರು,” ಅಂತ ನಕ್ಕರು.

ಸ್ಟೂಲ್ ಮೇಲೆ ಕೂತಿದ್ದ ಅಕ್ಕ ಸುಮ್ಮನಿರಲಿಲ್ಲ. “ಆ ಪೈಲ್ವಾನ ನಡೆಯೋಕೆ ಕಲಿತಾಗ ನೀನು ಹುಟ್ಟೇ ಇರ್ಲಿಲ್ಲ ಕಣೋ. ಇಬ್ಬರನ್ನೂ ಸೊಂಟದ ಮೇಲೆ ಹೊತ್ತೋಳು ನಾನು.”

“ನಿಮ್ಮದು ಯಾವ ವರ್ಷ ಅಜ್ಜಿ?”

“ನನ್ನನ್ನ ಯಾರಪ್ಪ ಸ್ಕೂಲಿಗೆ ಕಳ್ಸಿದ್ರು? ಆಧಾರ್ ಕಾರ್ಡ್ ಮಾಡೋನು ಮುಖ ನೋಡಿ ಯಾವುದೋ ವರ್ಷ ಹಾಕ್ದ. ಅದರಲ್ಲಿ ನಾನು ಇವನಿಗಿಂತ ಐದು ವರ್ಷ ಚಿಕ್ಕೋಳು.”

ಯಜಮಾನರ ನಗು ನಿಂತಿತು. “ಅಕ್ಕಂದೂ ಒಂದು ಫೋಟೊ ಹಾಕಪ್ಪ. ಅದೇ ಜೂನ್ ಒಂದು ಅಂತ ಬರಿ.”

“ಇವರ ಸಾಲಲ್ಲಿ ನಾನ್ಯಾಕೆ? ತಾರೀಖೂ ಬೇಡ. ಹಾಕೋದಾದ್ರೆ ಎಲ್ಲರ ಮೇಲೆ ಹಾಕು.”

ಬ್ಯಾನರಿನ ಮೇಲ್ಭಾಗ ಯಾವಾಗಲೂ ಶಾಸಕರ ಫೋಟೊಗೆ ಮೀಸಲು. ಹಾಗಂತ ಹೇಳಿದೆ.

“ಅವರು ಇವರಲ್ಲಿ ಯಾರನ್ನ ಎತ್ತಿ ಆಡ್ಸಿದ್ದಾರೆ?”

ಯಜಮಾನರ ಮುಖ ನೋಡಿದೆ. ಅವರು ಹಾಕು ಅನ್ನೋ ಹಾಗೆ ತಲೆಯಾಡಿಸಿದರು. ನನ್ನ ಸರ್ವೀಸಿನಲ್ಲೇ ಮೊದಲ ಸಲ ಶಾಸಕರೊಬ್ಬರನ್ನು ಕೆಳಗಿನ ಮೂಲೆಗೆ ಇಳಿಸಿದೆ, ಅದೂ ಎಲೆಕ್ಷನ್ ಇಲ್ಲದೆ.