ಪಾರುವಿಗೆ ಓದಿ ಹೇಳಿದ ಪುಸ್ತಿಕೆ

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಕೊಡಗಿನ ಚೆಟ್ಟಳ್ಳಿ ಕಡೆಯ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದ ನಾನು, ಓದಲು ಬಾರದವರಿಗೆ ಕಾಗದ ಓದಿ ಹೇಳುವಾಗ ಧಾರಾಳವಾಗಿ ಬುರುಡೆ ಬಿಟ್ಟಿದ್ದೇನೆ. ತೋಟದ ರೈಟರ್ ಎಂದರೆ ಬೆಳಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳಿ ಕಳಿಸುವವನು, ಅಷ್ಟೇ. ಆದರೆ ಆಳುಗಳು ವಾಸವಿರುವ ಲೈನ್‌ಮನೆಯ ನಲ್ಲಿಯ ಮುಂದೆ ತಮಿಳು, ಮಲಯಾಳ, ತುಳು, ಅರೆಭಾಷೆ ಎಲ್ಲ ಬಿಂದಿಗೆ ಹಿಡಿದು ನಿಂತಿರುವ ಕಡೆ, ಅಕ್ಷರ ಬಲ್ಲವನೇ ವಕೀಲ, ಅವನೇ ವೈದ್ಯ. ಔಷಧಿಯ ಡಬ್ಬಿಯ ಮೇಲೆ ‘ತಂಪಾದ ಜಾಗದಲ್ಲಿಡಿ’ ಎಂದಷ್ಟೇ ಇರುತ್ತಿತ್ತು. ಅಷ್ಟನ್ನೇ ಹೇಳಿ ಕಳಿಸಿದರೆ ನನ್ನ ಮರ್ಯಾದೆ ಏನಾಗಬೇಕು? ‘ಬಾಳೆಹಣ್ಣು ತಿನ್ನಬೇಡ, ತಲೆಗೆ ಎಣ್ಣೆ ಹಚ್ಚಬೇಡ’ ಎಂದು ಎರಡು ಪಥ್ಯಗಳನ್ನು ನನ್ನ ಕಡೆಯಿಂದ ಸೇರಿಸುತ್ತಿದ್ದೆ. ಪಾಪ, ಎಷ್ಟು ಜನ ನನ್ನಿಂದಾಗಿ ಬಾಳೆಹಣ್ಣು ಬಿಟ್ಟರೋ!

ಇಂಥ ನನ್ನ ಕುತ್ತಿಗೆಯಲ್ಲಿ ನಿವೃತ್ತಿಯಾದ ಮರುವರ್ಷ ಒಂದು ಗಂಟು ಕಾಣಿಸಿಕೊಂಡಿತು. ಮೈಸೂರಿನ ಆಸ್ಪತ್ರೆಯಲ್ಲಿ ಅದನ್ನು ಚುಚ್ಚಿ ನೋಡಿ ಕ್ಯಾನ್ಸರ್ ಎಂದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಬಹಳ ಒಳ್ಳೆಯವರು. ಕೀಮೋ ಎಂದರೇನು, ಎಷ್ಟು ಸಲ, ಆಮೇಲೆ ಏನೇನಾಗಬಹುದು ಎಂದು ಕಾಲು ಗಂಟೆ ವಿವರಿಸಿ, ಕೊನೆಗೆ “ಅರ್ಥ ಆಯ್ತಾ?” ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ಕ್ಯಾನ್ಸರ್ ಎಂಬ ಪದದ ಆಚೆಗೆ ನನ್ನ ಕಿವಿ ಏನನ್ನೂ ಒಳಗೆ ಬಿಟ್ಟಿರಲಿಲ್ಲ. ಹಾಜರಿಯ ಹೊತ್ತಿನಲ್ಲಿ ನಾನು ಯಾರ ತಲೆಯಾಟವನ್ನೂ ನಂಬಿದವನಲ್ಲ. “ಎಂತ ಹೇಳಿದೆ, ತಿರುಗಿ ಹೇಳು” ಎಂದು ಒಪ್ಪಿಸಿಕೊಂಡೇ ಬ್ಲಾಕಿಗೆ ಕಳಿಸುತ್ತಿದ್ದೆ. ಒಮ್ಮೆ ಹಾಗೆ ಕೇಳದೆ ಬಿಟ್ಟದ್ದಕ್ಕೆ, ಬೇಡದ ಚಿಗುರು ತೆಗೆಯಲು ಹೋದವರು ಫಸಲು ಬಿಡುವ ರೆಕ್ಕೆಕೊಂಬೆಗಳನ್ನೇ ಸವರಿ ಬಂದಿದ್ದರು. ಡಾಕ್ಟರಮ್ಮನಿಗೆ ಈ ಅನುಭವ ಇರಲಿಲ್ಲ. ನನ್ನ ತಲೆಯನ್ನು ನಂಬಿದರು.

ಜೊತೆಗೊಂದು ಪುಸ್ತಿಕೆಯನ್ನೂ ಕೊಟ್ಟರು. ರೋಗಿಗಳಿಗಾಗಿಯೇ ಮಾಡಿಸಿದ್ದು, ಅಚ್ಚ ಕನ್ನಡದಲ್ಲಿದೆ ಎಂದರು. ಅಚ್ಚು ಕನ್ನಡದ್ದೇ, ಅನುಮಾನವಿಲ್ಲ. ಮೊದಲ ಪುಟದಲ್ಲೇ ‘ಅರ್ಬುದ’ ಎಂದಿತ್ತು. ಮಗಳ ಶಾಲೆಯ ಕಾಲದ ನಿಘಂಟು ತೆಗೆದು ನೋಡಿದರೆ ‘ಹತ್ತು ಕೋಟಿ’ ಎಂದಿತ್ತು. ಅರೆಗಳಿಗೆ ಖುಷಿಯಾದದ್ದು ಸುಳ್ಳಲ್ಲ. ಕೆಳಗಿನ ಸಾಲಿನಲ್ಲಿ ‘ದುರ್ಮಾಂಸದ ಗೆಡ್ಡೆ’ ಎಂದೂ ಇತ್ತು. ಆಮೇಲೆ ನಿಘಂಟನ್ನು ಮುಚ್ಚಿಟ್ಟು ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಗಮಕಿಯ ಹಾಗೆ ಗಟ್ಟಿಯಾಗಿ ಓದಿದೆ. ನನ್ನಾಕೆ ಒಲೆಯ ಮುಂದೆ ಕೂತು ಭಕ್ತಿಯಿಂದ ಕೇಳಿದಳು.

ಮೊದಲ ಕೀಮೋ ಆಗಿ ಹತ್ತನೆಯ ದಿನ ಬೆಳಗ್ಗೆ ಜ್ವರ ಬಂತು. ಕೊಡಗಿನಲ್ಲಿ ಜ್ವರಕ್ಕೆ ಯಾರು ಹೆದರುತ್ತಾರೆ? ಅಂಗಳದಲ್ಲಿ ಮಣಗಟ್ಟಲೆ ಕರಿಮೆಣಸು ಒಣಗುತ್ತಿರುವಾಗ ಜ್ವರವೇ ಹೆದರಬೇಕು. ನನ್ನಾಕೆ ಮೆಣಸು ಕುಟ್ಟಿ, ಬೆಲ್ಲ ಹಾಕಿ ಕಷಾಯ ಕೊಟ್ಟಳು. ಮೂರು ದಿನ ನೋಡಿ ಆಮೇಲೆ ಡಾಕ್ಟರ ಹತ್ತಿರ ಹೋಗುವುದು ನಮ್ಮ ಮನೆಯ ಪದ್ಧತಿ. ನಾನು ಕಂಬಳಿ ಹೊದ್ದು ಜಗಲಿಯಲ್ಲಿ ಕೂತೆ.

ಆ ಹೊತ್ತಿಗೆ ಪಾರು ಬಂದಳು. ಪಾರು ನಮ್ಮ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಗ್ಯಾಂಗಿನ ಮುಂದಾಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಓದಿ ಹೇಳಿದ ಕಾಗದಗಳ ಅತಿ ದೊಡ್ಡ ಗಿರಾಕಿ ಅವಳೇ. ಹತ್ತು ನಾಟಿ ಮೊಟ್ಟೆ ತಂದಿದ್ದಳು. ಅವನ್ನು ನನ್ನಾಕೆಯ ಕೈಗೆ ಕೊಟ್ಟು ಕೂತವಳೇ ಪುಸ್ತಿಕೆಯನ್ನು ಕಂಡಳು.

“ಎಂತ ರೈಟ್ರೇ ಅದು? ಎಂತ ಬರ್ದುಂಟು?”

“ಕಾಯಿಲೆ ವಿಚಾರ. ನಿಂಗೆ ಅರ್ಥ ಆಗಲ್ಲ ಬಿಡು.”

“ಆಗುವ ಹಾಗೆ ಹೇಳಿ. ನಿಮ್ಗೇನು ಹೊಸತಾ?”

ಈ ಮಾತಿಗೆ ಉಬ್ಬಿಹೋದೆ. ಕನ್ನಡಕ ಏರಿಸಿ, ಕೈಗೆ ಬಂದ ಪುಟ ತೆರೆದು ಓದಿದೆ: ‘ಚಿಕಿತ್ಸಾವಧಿಯಲ್ಲಿ ರೋಗಿಯ ದೇಹೋಷ್ಣತೆಯಲ್ಲಿ ಏರಿಕೆ ಕಂಡುಬಂದಲ್ಲಿ, ರೋಗನಿರೋಧಕ ಕಣಗಳ ಕ್ಷೀಣತೆಯ ಸಂಭಾವ್ಯತೆಯ ಹಿನ್ನೆಲೆಯಲ್ಲಿ, ವಿಳಂಬಕ್ಕೆ ಆಸ್ಪದವೀಯದೆ ತಜ್ಞರನ್ನು ಸಂಪರ್ಕಿಸತಕ್ಕದ್ದು.’

“ಅಂದ್ರೆ?”

“ಅಂದ್ರೆ, ಈ ಮದ್ದು ಹಾಕಿಸ್ಕೊಂಡೋರ ರಕ್ತದಲ್ಲಿ ಕಾವಲಿನವರು ಕಮ್ಮಿ ಆಗಿರ್ತಾರೆ. ಅಂಥ ಹೊತ್ತಲ್ಲಿ ಜ್ವರ ಬಂದ್ರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗ್ಬೇಕು ಅಂತ.”

ಪಾರು ನನ್ನ ಕಂಬಳಿಯನ್ನು ನೋಡಿದಳು. ಕಷಾಯದ ಲೋಟವನ್ನು ನೋಡಿದಳು.

“ಇದು ಯಾರಿಗೆ ಬರ್ದದ್ದು ರೈಟ್ರೇ?”

“ರೋಗಿಗೆ.”

“ಮತ್ತೆ ನೀವು ಯಾರು?”

ಮೂವತ್ತು ವರ್ಷ ಬೇರೆಯವರ ಕಾಗದವನ್ನೇ ಓದಿದ ಅಭ್ಯಾಸ ನೋಡಿ, ಇದು ನನ್ನದೆಂದು ಹೊಳೆದೇ ಇರಲಿಲ್ಲ. ಆಗ ಹೆದರಿಕೆಯಾಯಿತು. ಗಂಟು ಕಂಡಾಗಲೂ ಆಗದಷ್ಟು ಹೆದರಿಕೆ. ಪಾರು ತೋಟದ ಗೇಟಿಗೆ ಓಡಿ, ಮೆಣಸಿನ ಮೂಟೆ ಹೇರಿ ಹೊರಟಿದ್ದ ಜೀಪನ್ನು ಅಡ್ಡಗಟ್ಟಿ, ಮೂಟೆ ಇಳಿಸಿ ನನ್ನನ್ನು ಹೇರಿದಳು. ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿ ನನ್ನ ಕೈಗೆ ಸೂಜಿ ಹತ್ತಿತ್ತು. ಡಾಕ್ಟರಮ್ಮ ರಕ್ತದ ವರದಿ ನೋಡಿ “ಇನ್ನೊಂದು ದಿನ ಕಾದಿದ್ದರೆ...” ಎಂದು ಅಲ್ಲಿಗೇ ನಿಲ್ಲಿಸಿದರು. ಆ ಅರ್ಧ ವಾಕ್ಯ ಮಾತ್ರ ನನಗೆ ಪೂರ್ತಿ ಅರ್ಥವಾಯಿತು.

“ಪುಸ್ತಕ ಓದಲಿಲ್ಲವಾ?” ಎಂದು ಕೇಳಿದರು. ಕಂಠಪಾಠವಾಗಿದೆ ಎಂದೆ. ಒಂದು ಪುಟ ಒಪ್ಪಿಸಿಯೂ ತೋರಿಸಿದೆ. ಅವರು ಹಣೆ ಒತ್ತಿಕೊಂಡು, “ಹಾಗಾದರೆ ಅರ್ಥ ಆಗುವ ಹಾಗೆ ನೀವೇ ಬೇರೆ ಬರೆದುಕೊಡಿ, ತಪ್ಪಿದ್ದರೆ ನಾನು ತಿದ್ದುತ್ತೇನೆ” ಎಂದರು. ಮಲಗಿದ್ದಲ್ಲೇ ಬರೆಯತೊಡಗಿದೆ. ಮೊದಲ ಪ್ರಯತ್ನದಲ್ಲಿ ‘ಸಂಪರ್ಕಿಸತಕ್ಕದ್ದು’ ನನ್ನ ಪೆನ್ನಿನಿಂದಲೂ ತಾನಾಗಿ ಇಳಿಯಿತು! ಪೆನ್ನು ಹಿಡಿದರೆ ಎಲ್ಲರಿಗೂ ತಾಲೂಕು ಕಚೇರಿಯ ಗಾಳಿ ಬಡಿಯುತ್ತದೋ ಏನೋ. ಕೊನೆಗೆ, ನೋಡಲು ಬಂದ ಪಾರುವಿಗೆ ಒಂದೊಂದೇ ಸಾಲು ಓದಿ ಹೇಳಿ, ಅವಳು ತಿರುಗಿ ಹೇಳಲಾಗದ್ದನ್ನೆಲ್ಲ ಹೊಡೆದುಹಾಕಿದೆ. ಉಳಿದದ್ದು ಒಂದೇ ಹಾಳೆ. ಅದರ ಮೊದಲ ಸಾಲು ಪಾರುವಿನದ್ದೇ: ‘ಜ್ವರ ಬಂದರೆ ಕಷಾಯ ಕುಡಿಯುತ್ತಾ ಕೂರಬೇಡಿ. ಆಸ್ಪತ್ರೆಗೆ ಹೊರಡಿ.’ ಡಾಕ್ಟರಮ್ಮ ಅದರ ಕೆಳಗೆ ಫೋನ್ ನಂಬರ್ ಸೇರಿಸಿದರು, ಬೇರೇನನ್ನೂ ಮುಟ್ಟಲಿಲ್ಲ.

ಒಟ್ಟು ಆರು ಸಲದ ಕೀಮೋ ಮುಗಿದು ಸ್ಕ್ಯಾನ್ ಆದ ದಿನ ಪಾರುವೂ ನಮ್ಮ ಜೊತೆ ಮೈಸೂರಿಗೆ ಬಂದಿದ್ದಳು. ಅಷ್ಟು ತಿಂಗಳು ನುಂಗಿಕೊಂಡಿದ್ದ ಪ್ರಶ್ನೆಯನ್ನು ಅಂದು ಕೇಳಿಯೇಬಿಟ್ಟೆ.

“ಡಾಕ್ಟ್ರೇ, ಇದು ಮತ್ತೆ ಬರ್ತದಾ?”

ಅವರು ಪೆನ್ನು ಕೆಳಗಿಟ್ಟರು. “ಈಗ ಗಂಟು ಕಾಣ್ತಾ ಇಲ್ಲ. ಮತ್ತೆ ಬರುತ್ತಾ ಅಂದ್ರೆ, ನನಗೆ ಗೊತ್ತಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ.”

ನಿಘಂಟು ಬೇಕಾಗಲಿಲ್ಲ. ಹೆದರಿಕೆ ಆಯಿತು, ಆದರೆ ಯಾವುದಕ್ಕೆ ಹೆದರಬೇಕೆಂದು ಗೊತ್ತಿದ್ದರಿಂದ ಅಳತೆಯಲ್ಲಿತ್ತು. ಮೂರು ತಿಂಗಳು ನನ್ನವು ಎಂದು ಗೊತ್ತಾಗಿ ಹೊಟ್ಟೆಯೂ ಹಸಿಯಿತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡನೆಯ ಮಸಾಲೆ ದೋಸೆ ತರಿಸಿದಾಗ ನನ್ನಾಕೆ ಕೂಡ ತಡೆಯಲಿಲ್ಲ. ಪಾರು ಮಾತ್ರ ಏನೋ ಯೋಚಿಸುತ್ತ ಬಿಸಿ ಕಾಫಿಯನ್ನು ಊದಿ ಆರಿಸುತ್ತಿದ್ದಳು.

“ಗೊತ್ತಿಲ್ಲ ಅನ್ಲಿಕ್ಕೆ ತುಂಬಾ ಓದಿರ್ಬೇಕು, ಅಲ್ವಾ ರೈಟ್ರೇ?” ಎಂದಳು.

ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತದ್ದು ಅವಳಿಗೆ ಚೆನ್ನಾಗಿಯೇ ಗೊತ್ತು.